ಜೀಪಿಗೆ ತಾಡಪತ್ರಿ ಹೊದಿಸಿದ ಪ್ರಕರಣ

ಬಸವಕಲ್ಯಾಣ ತಾಲೂಕಿನಲ್ಲಿ ೧೯೯೧ರಿಂದ ೧೯೯೮ರ ಜುಲೈ ಹನ್ನೊಂದರವರೆಗೆ ಒಂದು ಹನಿ ಮಳೆಯೂ ಬಿದ್ದಿಲ್ಲ. ಇದು ಮಳೆ ಎಣಿಕೆ ಉಪಕಚೇರಿಯ ವಹಿಗಳಿಂದ ದೃಢಪಟ್ಟ ಸಂಗತಿ. ಅದೇ ಅವಧಿಯಲ್ಲಿ ಪ್ರತಿವರ್ಷ ಹಳ್ಳಗಳು ತುಂಬಿ ಹರಿದದ್ದು ನಿಜವಾದರೂ, ಹಳ್ಳಗಳಿಗೆ ಸಂಬಂಧಪಟ್ಟ ಇಲಾಖೆ ಬೇರೆ.

ಉಪಕಚೇರಿಯ ಕೆಲಸ ಸರಳವಾಗಿತ್ತು. ಹನ್ನೆರಡು ಹಳ್ಳಿಗಳಲ್ಲಿ ನೆಟ್ಟ ಮಳೆಮಾಪಕಗಳನ್ನು ಮುಂಜಾನೆ ಜೀಪಿನಲ್ಲಿ ಸುತ್ತಿ ನೋಡುವುದು, ಎಷ್ಟು ಮಿಲಿಮೀಟರು ನೀರು ನಿಂತಿದೆ ಎಂದು ವಹಿಯಲ್ಲಿ ಬರೆಯುವುದು, ತಿಂಗಳ ಕೊನೆಗೆ ವಹಿಯನ್ನು ಹುಮನಾಬಾದಿನ ಮೇಲ್ಕಚೇರಿಗೆ ಒಪ್ಪಿಸುವುದು. ಜೀಪು ಬೇರೊಂದು ಇಲಾಖೆಯಿಂದ ಬಂದಿತ್ತು. ಅದರ ಟಾಪು ಪ್ರತ್ಯೇಕ ಆದೇಶದ ಮೂಲಕ ಬರಬೇಕಿತ್ತು. ಆದೇಶ ಬಂತು, ಟಾಪು ಬರಲಿಲ್ಲ. ಹೀಗಾಗಿ ಜೀಪನ್ನು ‘ತೆರೆದ ಮೈಯ ವಾಹನ’ ಎಂದು ನಮೂದಿಸಿ ಬಳಕೆಗೆ ತರಲಾಯಿತು.

ವಹಿ ಬರೆಯಲು ಎರಡು ನಿಯಮಗಳಿದ್ದವು. ಅಂಕಿಗಳನ್ನು ಶಾಯಿ ಪೆನ್ನಿನಿಂದಲೇ ಬರೆಯತಕ್ಕದ್ದು. ಶಾಯಿ ಒಣಗುವತನಕ ವಹಿಯನ್ನು ಮುಚ್ಚತಕ್ಕದ್ದಲ್ಲ. ಅಧಿಕಾರಿ ಗುರುಲಿಂಗ ಅವರು ನಿಯಮ ಮೀರುವವರಲ್ಲ. ಬಾಗಿಲಷ್ಟು ಅಗಲದ ವಹಿಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ತೆರೆದ ಜೀಪಿನಲ್ಲಿ ಕೂಡುತ್ತಿದ್ದರು. ಮಳೆಯಿಲ್ಲದ ದಿನ ಬರೆದ ಸೊನ್ನೆಗಳು ಚೆನ್ನಾಗಿ ಒಣಗುತ್ತಿದ್ದವು. ಮಳೆ ಬಂದ ದಿನ ಬರೆದ ಅಂಕಿಗಳು ನೀಲಿ ನೀರಾಗಿ ಅವರ ಪ್ಯಾಂಟಿನ ಮೇಲೆ ಇಳಿಯುತ್ತಿದ್ದವು. ಅವರಿಗೊಂದು ಕೊಡೆ ಇತ್ತು. ಅದು ಮಂಠಾಳದ ದಾರಿಯಲ್ಲಿ ಉಲ್ಟಾ ಆಗಿ ಹಾರಿಹೋಗಿತ್ತು. ಹುಮನಾಬಾದಿನಲ್ಲಿ, ಓದಲಾಗದ ಅಂಕಿಯನ್ನು ಸೊನ್ನೆ ಎಂದು ತಿಳಿಯತಕ್ಕದ್ದು ಎಂಬ ಮೂರನೆಯ ನಿಯಮವಿತ್ತು.

ಏಳು ವರ್ಷ ಸೊನ್ನೆಯೇ ಬಂದುದರಿಂದ ಸರಕಾರ ಮರುಗಿತು. ತಾಲೂಕನ್ನು ಮಳೆರಹಿತ ಪ್ರದೇಶವೆಂದು ಸಾರಿ, ನೀರು ಸರಬರಾಜಿನ ಗುತ್ತಿಗೆಯನ್ನು ಹುಮನಾಬಾದಿನ ಧನರಾಜ ಎಂಬುವರಿಗೆ ಕೊಡಲಾಯಿತು. ಅವರ ಹನ್ನೊಂದು ಟ್ಯಾಂಕರುಗಳು ಹಳ್ಳಿಗಳ ತುಂಬಿದ ಬಾವಿಗಳಿಂದ ನೀರು ಎತ್ತಿ ಅದೇ ಹಳ್ಳಿಗಳಿಗೆ ಹಂಚುತ್ತಿದ್ದವು. ಬಾವಿಗೆ ಹಗ್ಗ ಇಳಿಸುವ ಕಷ್ಟ ತಪ್ಪಿತೆಂದು ಜನರೂ ಆಕ್ಷೇಪಿಸಲಿಲ್ಲ. ಈ ವ್ಯವಸ್ಥೆಯಿಂದ ಬಾಧೆಗೊಳಗಾದವನು ಒಬ್ಬನೇ, ಜೀಪಿನ ಡ್ರೈವರ್ ಮಚ್ಚೇಂದ್ರ.

ಮಂಠಾಳದ ಮಚ್ಚೇಂದ್ರ ಹದಿನಾಲ್ಕು ವರ್ಷಗಳಿಂದ ದಿನಗೂಲಿಯ ಮೇಲೆ ಇದ್ದ. ಅವನನ್ನು ಖಾಯಂ ಮಾಡುವ ಕಡತ ಹುಮನಾಬಾದಿನಲ್ಲಿತ್ತು, ಕೆಮ್ಮು ಅವನಲ್ಲಿತ್ತು. ಪ್ರತಿ ಮುಂಗಾರಿಗೆ ಹದಿನೈದು ದಿನ ಜ್ವರದಲ್ಲಿ ಮಲಗುತ್ತಿದ್ದ. ಇನ್ನೊಂದು ವರ್ಷ ಹೀಗೇ ತೊಯ್ದರೆ ಸ್ಟೇರಿಂಗ್ ಹಿಡಿಯುವ ಮಾತನ್ನೇ ಬಿಡಬೇಕಾಗುತ್ತದೆ ಎಂದು ದವಾಖಾನೆಯ ಡಾಕ್ಟರರು ೧೯೯೮ರಲ್ಲಿ ಖಡಕ್ಕಾಗಿ ಹೇಳಿದರು. ಟಾಪು ಕೇಳಿ ಬರೆದ ಅರ್ಜಿಗಳಿಗೆ, ತೆರೆದ ಮೈಯ ವಾಹನಕ್ಕೆ ಟಾಪು ಕೊಟ್ಟರೆ ಅದು ತೆರೆದ ಮೈಯ ವಾಹನವಾಗಿ ಉಳಿಯುವುದಿಲ್ಲ ಎಂಬ ಉತ್ತರ ಬಂದಿತ್ತು. ಇದನ್ನೆಲ್ಲ ಕೇಳಿಸಿಕೊಂಡ ಅವನ ಹೆಂಡತಿ ರತ್ನಮಾಲಾ, ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಒಂದೇ ಮಾತು ಹೇಳಿದಳು:

“ಜೀಪ ಸರಕಾರದ್ದು ಇರಲಿ. ಎದಿ ನಮ್ಮದದ.”

ಹುಮನಾಬಾದಿನ ಹೆದ್ದಾರಿ ಪಕ್ಕ ಲಾರಿಗಳ ತಾಡಪತ್ರಿ ತೇಪೆ ಹಾಕುವ ಕಾಸಿಂ, ಹಳ್ಳಿಖೇಡದ ಕಬ್ಬಿನ ಲಾರಿಯೊಂದರ ಹರಿದ ತಾಡಪತ್ರಿಯನ್ನು ಅವರಿಗೆ ಪುಕ್ಕಟೆ ಕೊಟ್ಟ. ರತ್ನಮಾಲಾ ಹರಕು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ದಬ್ಬಣದಿಂದ ಎರಡೆರಡು ಸಲ ಹೊಲಿದು, ಹೊಲಿಗೆಯ ಮೇಲೆಲ್ಲ ಮೇಣದಬತ್ತಿ ತಿಕ್ಕಿದಳು. ಮುರಿದ ಕಬ್ಬಿಣದ ಮಂಚದ ಪೈಪುಗಳನ್ನು ಬಾಗಿಸಿ ಮಚ್ಚೇಂದ್ರ ಕಮಾನು ಮಾಡಿದ. ಗೊಬ್ಬರದ ಚೀಲದ ಒಳಗಿನ ತೆಳು ಪ್ಲಾಸ್ಟಿಕ್ಕು ಎರಡೂ ಬದಿಗೆ ಕಿಟಕಿಯಾಯಿತು. ಸೈಕಲ್ ಟ್ಯೂಬಿನ ಪಟ್ಟಿಗಳಿಂದ ಎಲ್ಲವನ್ನೂ ಬಿಗಿದ ಮೇಲೆ, ಗಂಡನನ್ನು ಒಳಗೆ ಕೂಡಿಸಿ ಕೈಗೊಂದು ಪೇಪರು ಕೊಟ್ಟು, ಅವಳು ಮೇಲಿನಿಂದ ನಾಲ್ಕು ಕೊಡ ನೀರು ಸುರಿದಳು. ಪೇಪರು ಒಣಗಿಯೇ ಇತ್ತು. ಮಚ್ಚೇಂದ್ರ ಒಳಗಿನಿಂದ ಸ್ವಲ್ಪ ಹೊತ್ತು ಹೊರಗೆ ಬರಲೇ ಇಲ್ಲ. ಏಳು ವರ್ಷಗಳಲ್ಲಿ ಮೊದಲ ಸಲ ಆ ಸೀಟಿನ ಮೇಲೆ ಅವನಿಗೆ ಬೆಚ್ಚಗನಿಸಿತ್ತು.

ಜುಲೈ ಹನ್ನೆರಡರಂದು ತಾಡಪತ್ರಿ ಸೇವೆಗೆ ಸೇರಿತು. ಗುರುಲಿಂಗ ಅವರು ಅದನ್ನು ಸುತ್ತುಹಾಕಿ ನೋಡಿ, ಇದಕ್ಕೆ ಮಂಜೂರಾತಿ ಇದೆಯೇ ಎಂದು ಕೇಳುವಷ್ಟರಲ್ಲಿ ಮಳೆ ಬಂತು. ಒಳಗೆ ಹತ್ತಿ ಕುಳಿತರು. ಆಮೇಲೆ ಕೇಳಲಿಲ್ಲ. ಹೊರಗೆ ಧೋ ಎಂದು ಸುರಿಯುವಾಗ ಒಳಗೆ ಶಾಯಿ ನಿಧಾನವಾಗಿ ಒಣಗುತ್ತಿತ್ತು. ಅದು ಒಣಗುವತನಕ ಅವರಿಬ್ಬರೂ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡು ತಿನ್ನುವುದು ರೂಢಿಯಾಯಿತು. ಮಚ್ಚೇಂದ್ರನ ಕೆಮ್ಮು ಇಳಿಯಿತು. ಇಪ್ಪತ್ತು ದಿನಗಳಲ್ಲಿ ವಹಿಯಲ್ಲಿ ಇನ್ನೂರಾ ಹದಿನಾಲ್ಕು ಮಿಲಿಮೀಟರು ಮಳೆ ಬಿತ್ತು.

ಹುಮನಾಬಾದಿನ ಮೇಲಧಿಕಾರಿ ದಿಗಂಬರ ಅವರು ವಹಿ ನೋಡಿ ಗಾಬರಿಯಾದರು. ಏಳು ವರ್ಷ ಬಾರದ ಮಳೆ ಯಾವ ಆಧಾರದ ಮೇಲೆ ಬಂದಿತು, ಅದಕ್ಕೆ ಪೂರ್ವಾನುಮತಿ ಪಡೆಯಲಾಗಿದೆಯೇ ಎಂದು ಮೂರು ದಿನದೊಳಗೆ ವಿವರಣೆ ಕೇಳಿದರು. ಗುರುಲಿಂಗ ಅವರು ಪ್ರಾಮಾಣಿಕರಾದುದರಿಂದ, ಜುಲೈ ಹನ್ನೆರಡರಿಂದ ಕಚೇರಿಯಲ್ಲಿ ಆಗಿರುವ ಬದಲಾವಣೆ ತಾಡಪತ್ರಿ ಒಂದೇ ಎಂದು ಬರೆದರು. ಅಷ್ಟರಲ್ಲಿ ಧನರಾಜರೂ ಅರ್ಜಿ ಕೊಟ್ಟಿದ್ದರು: ಹೀಗೆಯೇ ಮಳೆ ಬರೆಯುತ್ತ ಹೋದರೆ ತಾಲೂಕಿಗೆ ನೀರು ಕೊಡುವವರು ಯಾರು?

ದಿಗಂಬರ ಅವರು ಖುದ್ದಾಗಿ ಬಂದು ಶಾಸ್ತ್ರೀಯ ವಿಚಾರಣೆ ನಡೆಸಿದರು. ಮೂರು ದಿನ ತಾಡಪತ್ರಿ ಹೊದಿಸಿ ಜೀಪು ಓಡಿಸಲಾಯಿತು; ವಹಿಯಲ್ಲಿ ಅರವತ್ತೊಂದು ಮಿಲಿಮೀಟರು. ಮೂರು ದಿನ ತೆಗೆದು ಓಡಿಸಲಾಯಿತು. ಮೊದಲಿಗಿಂತ ಜೋರಾಗಿ ಸುರಿಯಿತು, ವಹಿಯಲ್ಲಿ ಸೊನ್ನೆ. ಮಳೆಗೆ ಕಾರಣ ತಾಡಪತ್ರಿಯೇ ಎಂದು ಸಿದ್ಧವಾಯಿತು. ಹೇಳಿಕೆ ಕೊಡಲು ಮಚ್ಚೇಂದ್ರನನ್ನು ಕರೆದಾಗ ಅವನು ಒದ್ದೆ ಅಂಗಿಯಲ್ಲೇ ನಿಂತಿದ್ದ.

“ಸಾಹೇಬ್ರ, ಮಳಿ ಮೊದಲೂ ಬರ್ತಿತ್ತರಿ. ವಹಿಯೊಳಗ ನಿಲ್ತಿದ್ದಿಲ್ಲ.”

“ವಹಿಯೊಳಗ ನಿಲ್ಲಲಾರದ್ದಕ್ಕ ಮಳಿ ಅನ್ನಂಗಿಲ್ಲ,” ಎಂದರು ದಿಗಂಬರ ಅವರು, ಬೇಸರವಿಲ್ಲದೆ.

ಮಚ್ಚೇಂದ್ರ ಗುರುಲಿಂಗರ ಕಡೆ ನೋಡಿದ. ಅವರು ಬಾಯಿ ತೆರೆದರು. ಆದರೆ ಮಳೆ ಮೊದಲೂ ಇತ್ತು ಎಂದರೆ ಏಳು ವರ್ಷದ ವಹಿ ಸುಳ್ಳು ಎಂದಂತೆ. ಪ್ರತಿ ಪುಟದ ಕೆಳಗೆ ಇದ್ದದ್ದು ಅವರದೇ ಸಹಿ. ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿಗಿಟ್ಟುಕೊಂಡರು.

ತಾಡಪತ್ರಿಯನ್ನು ಸುಟ್ಟುಬಿಡಿ ಎಂದು ಧನರಾಜರು ಸೂಚಿಸಿದರು. ಸರಕಾರಿ ಜೀಪಿಗೆ ಕಟ್ಟಿದ್ದರಿಂದ ಅದು ಈಗ ಸರಕಾರಿ ಸ್ವತ್ತು, ಸುಡಲು ಬರುವುದಿಲ್ಲ ಎಂದಾಯಿತು. ಸುದ್ದಿ ತಿಳಿದ ರತ್ನಮಾಲಾ ಕಚೇರಿಗೇ ಬಂದಳು. ನಿಮಗೆ ಬೇಡವಾದರೆ ಕೊಟ್ಟುಬಿಡಿ, ಮನೆ ಮೇಲೆ ಹಾಕಿಕೊಳ್ಳುತ್ತೇನೆ ಎಂದಳು. ಹಾಗೆ ಮಾಡಿದರೆ ಮಂಠಾಳವೊಂದಕ್ಕೇ ಮಳೆಯಾಗಿ ಉಳಿದ ಹನ್ನೊಂದು ಹಳ್ಳಿಗಳಿಗೆ ಅನ್ಯಾಯವಾಗುತ್ತದೆ ಎಂದು ಆಕೆಗೆ ತಿಳಿಹೇಳಲಾಯಿತು.

ಕೊನೆಗೆ ಹೊರಟ ಆದೇಶ ಹೀಗಿತ್ತು: “ಸದರಿ ತಾಡಪತ್ರಿಯು ಸರಕಾರಿ ಸ್ವತ್ತಾಗಿರುವುದರಿಂದ ಅದು ತೊಯ್ಯದಂತೆ ಎಚ್ಚರ ವಹಿಸತಕ್ಕದ್ದು. ಮೋಡ ಕಂಡ ಕೂಡಲೇ ಜೀಪಿನಿಂದ ಬಿಚ್ಚಿ, ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡತಕ್ಕದ್ದು. ಆಕಾಶ ಸ್ವಚ್ಛವಾದ ಮೇಲೆ ಪುನಃ ಹೊದಿಸತಕ್ಕದ್ದು.”

ಇದರಿಂದ ಒಂದು ತೊಡಕು ಉಂಟಾಯಿತು. ಸರಕಾರಿ ಸ್ವತ್ತನ್ನು ದಿನಗೂಲಿಯವನ ವಶಕ್ಕೆ ಕೊಡುವಂತಿಲ್ಲ. ಹೀಗಾಗಿ ಹದಿನಾಲ್ಕು ವರ್ಷದ ಕಡತ ಮೂರು ದಿನದಲ್ಲಿ ಕೆಳಗಿಳಿದು, ಮಚ್ಚೇಂದ್ರ ಖಾಯಂ ಆದ. ಹುದ್ದೆ: ಚಾಲಕ ಹಾಗೂ ತಾಡಪತ್ರಿ ರಕ್ಷಕ. ಷರತ್ತು: ತಾಡಪತ್ರಿಗೆ ನೀರು ತಾಗಿದರೆ ವಜಾ. ಸಹಿ ಹಾಕುವ ಮುನ್ನ ಅವನು ಆದೇಶವನ್ನು ಎರಡು ಸಲ ಓದಿದ. ಎರಡೂ ಸಲ ಖಾಯಂ ಎಂಬ ಶಬ್ದದ ಮೇಲೆಯೇ ಕಣ್ಣು ನಿಂತಿತು. ಸಹಿ ಹಾಕಿದ.

ಆಮೇಲೆ ಎಲ್ಲ ಸುರಳೀತವಾಯಿತು. ವಹಿಗೆ ಸೊನ್ನೆ ಮರಳಿತು, ಧನರಾಜರ ಟ್ಯಾಂಕರುಗಳು ಹದಿನೈದಾದವು. ಬೇಸಿಗೆಯಿಡೀ ಜೀಪು ತಾಡಪತ್ರಿ ಹೊದ್ದು ಓಡಾಡಿತು. ಮಚ್ಚೇಂದ್ರ ಜೀಪು ನಿಲ್ಲಿಸಿ ಟ್ಯೂಬಿನ ಪಟ್ಟಿ ಬಿಚ್ಚತೊಡಗಿದನೆಂದರೆ ಮಂಠಾಳದ ಹೆಂಗಸರು ಅಂಗಳದ ಜೋಳ, ಹಪ್ಪಳ, ಹಾಸಿಗೆ ಎಲ್ಲವನ್ನೂ ಒಳಗೆ ಹೊತ್ತೊಯ್ಯುತ್ತಿದ್ದರು. ರೇಡಿಯೋ ಹೇಳಿದ್ದಕ್ಕಿಂತ ಇದನ್ನೇ ನಂಬುತ್ತಿದ್ದರು. ಈ ಪದ್ಧತಿ ಯಶಸ್ವಿಯಾದುದರಿಂದ ೨೦೦೩ರಲ್ಲಿ ಇನ್ನೂ ನಾಲ್ಕು ಉಪಕಚೇರಿಗಳ ಜೀಪುಗಳಿಗೆ, ಮಳೆಯಲ್ಲಿ ಬಿಚ್ಚಿಡುವ ಸಲುವಾಗಿ, ತಾಡಪತ್ರಿ ಒದಗಿಸಲಾಯಿತು. ಅವುಗಳ ಹೊಲಿಗೆ ಕೆಲಸ ರತ್ನಮಾಲಾಳಿಗೇ ಸಿಕ್ಕಿತು.

ಆ ವರ್ಷದ ಆಗಸ್ಟಿನಲ್ಲಿ ಒಂದು ಸಂಜೆ, ಹಿಂದೆಂದೂ ಕಾಣದಂಥ ಮಳೆಯಲ್ಲಿ, ಮಚ್ಚೇಂದ್ರ ಜೀಪು ನಡೆಸಿಕೊಂಡು ಮನೆಗೆ ಬಂದ. ತಲೆಯಿಂದ ಕಾಲಿನವರೆಗೆ ನೀರು ಇಳಿಯುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು, ಹಳೆಯ ಕೆಮ್ಮು ಮಾತಿಗೆ ಅವಕಾಶ ಕೊಡುತ್ತಿರಲಿಲ್ಲ. ರತ್ನಮಾಲಾ ಟವೆಲು ಹಿಡಿದು ಬಾಗಿಲಿಗೆ ಓಡಿಬಂದಳು.

“ತಾಡಪತ್ರಿ ತೊಯ್ದಿಲ್ಲಲ್ಲ?” ಎಂದು ಕೇಳಿದಳು.

ಇಲ್ಲವೆಂದು ಅವನು ತಲೆಯಾಡಿಸಿದ. ಅವಳು ನಿಟ್ಟುಸಿರು ಬಿಟ್ಟು, ಮೊದಲು ಪ್ಲಾಸ್ಟಿಕ್ ಚೀಲದ ಮೇಲಿನ ನೀರನ್ನು ಒರೆಸಿ, ಆಮೇಲೆ ಟವೆಲನ್ನು ಅವನ ಕೈಗೆ ಕೊಟ್ಟಳು.