ನನ್ನ ಕಥೆ ಅಡವಿಗೆ ಹೋದದ್ದು

ಕಥೆ ಬರೆಯುವವರಿಗೆ ಒಂದು ರೋಗವಿರುತ್ತದೆ. ಊರೆಲ್ಲ ಹೊಗಳಿದರೂ ಅವರಿಗೆ ಸಮಾಧಾನವಿಲ್ಲ, ಮನೆಯೊಳಗಿಂದ ಒಂದು ಒಳ್ಳೆಯ ಮಾತು ಬರಬೇಕು. ನನ್ನನ್ನು ಊರೆಲ್ಲ ಹೊಗಳಿದ್ದು ಅಷ್ಟಕ್ಕಷ್ಟೇ, ಹಾಗಾಗಿ ಮನೆಯ ಆ ಒಂದು ಮಾತಿನ ಮೇಲೆ ನನ್ನ ಆಸೆ ಇನ್ನೂ ಹೆಚ್ಚು. ಹೊಗಳಿಕೆಯೇ ಆಗಬೇಕೆಂದಿರಲಿಲ್ಲ. ಚಲೋ ಇಲ್ಲ ಅಂದಿದ್ದರೂ ನಡೆಯುತ್ತಿತ್ತು. ಏನೂ ಅನ್ನದೆ ಇದ್ದರೆ ಮನುಷ್ಯ ಹೇಗೆ ಬದುಕಬೇಕು, ನೀವೇ ಹೇಳಿ.

ಇದು ಎಪ್ಪತ್ತರ ದಶಕದ ಮಾತು. ನಾನು ಆಗ ಶಲವಡಿಯ ಶಾಲೆಯಲ್ಲಿ ಮಾಸ್ತರ. ಕಥೆಯೆಂದರೆ ಅದರಲ್ಲಿ ಏನೂ ನಡೆಯಬಾರದು ಎಂಬ ಗಾಳಿ ಬೀಸುತ್ತಿದ್ದ ಕಾಲ ಅದು. ಏನಾದರೂ ನಡೆಯಿತೋ, ಹಳೇ ಕಾಲದವನು ಎಂದು ಮೂಗು ಮುರಿಯುತ್ತಿದ್ದರು. ನಾನೇನು ಹಿಂದೆ ಬಿದ್ದವನೇ? ಅಂಥದೇ ಒಂದು ಬರೆದೆ: ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾಳೆ, ಗಂಡ ಉಣ್ಣುತ್ತಾನೆ. ಅವನು ಒಂದು ಮಾತಾಡಲಿ ಎಂದು ಅವಳಿಗೆ ಆಸೆ, ಆಡಬೇಕೆಂದು ಅವನಿಗೂ ಇದೆ. ಬಾಯಿ ತೆರೆಯುತ್ತಾನೆ. ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತದೆ. ಅವನು ಬಾಯಿ ಮುಚ್ಚುತ್ತಾನೆ. ಸಪ್ಪಳ ಮತ್ತೆ ಶುರುವಾಗುತ್ತದೆ. ಮುಗಿಯಿತು ಕಥೆ! ಒಂದು ವಾರಪತ್ರಿಕೆಯಲ್ಲಿ ಅಚ್ಚೂ ಆಯಿತು.

ನನ್ನ ಹೆಂಡತಿ ಗಿರಿಜಾ ಅದನ್ನು ಬಾಗಿಲ ಬೆಳಕಿನಲ್ಲಿ ಕುಳಿತು ತುಟಿಯಾಡಿಸುತ್ತ ಓದಿದಳು. ನಾನು ಬಾಜೂದಲ್ಲೇ ಏನೋ ಹುಡುಕುವವನಂತೆ ಓಡಾಡುತ್ತಿದ್ದೆ. ಓದಿ ಹಾಳೆ ತಿರುವಿದಳು. ಆ ಕಡೆ ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು. ಮತ್ತೆ ಈ ಕಡೆ ತಿರುವಿದಳು.

"ಆಮ್ಯಾಲೆ?" ಅಂದಳು.

"ಆಮ್ಯಾಲೇನಿಲ್ಲ. ಅಷ್ಟ."

"ಬಾಯಿ ತಗದಾಂವ ಏನೂ ಅನ್ನಲೇ ಇಲ್ಲಾ?"

"ಅನ್ನಲಿಲ್ಲ. ಅದ ಕಥಿ."

"ಬಾಯಾಗ ತುತ್ತಿತ್ತೇನ್ರಿ?" ಎಂದು ಕೇಳಿದಳು. ಇಲ್ಲ ಎಂದೆ. "ಹೌದೇನ್ರಿ" ಎಂದು ಪತ್ರಿಕೆಯನ್ನು ಜೋಪಾನವಾಗಿ ಮಡಚಿಟ್ಟು ಒಳಗೆ ಹೋದಳು. ಆ 'ಹೌದೇನ್ರಿ' ನನ್ನ ನಿದ್ದೆ ಕೆಡಿಸಿತು. ಸೇರಿತೋ, ಸೇರಲಿಲ್ಲವೋ? ಊಟಕ್ಕೆ ಕುಳಿತಾಗ ಸುತ್ತಿ ಬಳಸಿ ಕೇಳಲು ಹೋದರೆ, "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎನ್ನುತ್ತಿದ್ದಳು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಊರವರು ನಾಟಕ ಆಡುವುದೆಂದು ಠರಾಯಿಸಿದರು. ಕಿರಾಣಿ ಅಂಗಡಿಯ ಬಸಣ್ಣೆಪ್ಪನಿಗೆ ಪ್ರತಿ ಸಲವೂ ನಾಯಕನ ಪಾತ್ರ. ಅವನೇ ಮನೆಗೆ ಬಂದು, "ಮಾಸ್ತರ, ಈ ಸಲ ನಿಮ್ಮ ಕಥೀನ ಆಡೂಣು ಅಂತ ಮಾಡೇವ್ರಿ. ಬರಿಯಾವ್ರು ಊರಾಗ ಇರೂ ಮುಂದ ಹೊರಗಿನ ಕಥಿ ಯಾಕ್ರಿ?" ಎಂದ. ನಾನು ಒಂದು ಗೇಣು ಎತ್ತರವಾದೆ. ಓದಿದೆಯೇನಪ್ಪಾ ಎಂದು ಕೇಳಿದರೆ, "ಓದೂದೇನೈತ್ರಿ, ನೀವ ಬರದದ್ದಲ್ಲ!" ಎಂದುಬಿಟ್ಟ.

ಓದಿದವರು ಪೇಟಿ ಮಾಸ್ತರರು. ನಮ್ಮ ಕಡೆ ಹಾರ್ಮೋನಿಯಂ ಬಾರಿಸುವವರೇ ನಾಟಕ ಕಲಿಸುವವರು, ಬರೆಯುವವರೂ ಅವರೇ. ಅಣ್ಣಿಗೇರಿಯಿಂದ ಬಂದ ಆ ಹಿರಿಯರು ನನ್ನ ಕಥೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಶುರು ಅಗದಿ ಚಲೋ ಐತ್ರಿ. ಉಳಿದದ್ದು ಎಲ್ಲೈತಿ?" ಎಂದರು.

"ಅಷ್ಟರಿ."

"ಅಷ್ಟಾದ್ರ, ಮನೀಗೆ ಹೋಗೂದು ಯಾವಾಗಂತ ಮಂದೀಗೆ ಹೆಂಗ ಗೊತ್ತಾಗಬೇಕರಿ?"

ನಾನು ಪತ್ರಿಕೆ ಇಸಿದುಕೊಂಡು ಕಡೆಯ ಸಾಲನ್ನು ಮತ್ತೊಮ್ಮೆ ಓದಿದೆ.

ಇನ್ನು ಪರದೆಗಳ ಸಂಗತಿ. ಚಿತ್ರ ಬರೆದ ನಾಟಕದ ಪರದೆಗಳು ಗದುಗಿನಿಂದ ಬಾಡಿಗೆಗೆ ಬರುತ್ತಿದ್ದವು. ಚಕ್ಕಡಿಯಿಂದ ಇಳಿಸಿ ಬಿಚ್ಚಿ ನೋಡುವಾಗ ಊರಿಗೆ ಊರೇ ಸುತ್ತ ನಿಂತಿರುತ್ತಿತ್ತು. ಅರಮನೆ, ಅಡವಿ, ಬೀದಿ, ಜೇಲು. ಒಮ್ಮೆ ಮಂದಿಯ ಕಣ್ಣಿಗೆ ಬಿದ್ದ ಪರದೆ ನಾಟಕದಲ್ಲಿ ಒಂದು ಸಲವಾದರೂ ಇಳಿಯಲೇಬೇಕು, ಇಲ್ಲದಿದ್ದರೆ ಅಡವಿ ಎಲ್ಲಿ ಎಂದು ಜಗಳಕ್ಕೇ ನಿಲ್ಲುತ್ತಿದ್ದರು. ಆದರೆ ಅಡಿಗೆಮನೆಯ ಪರದೆ? ಅದಿಲ್ಲ. "ಅಡಿಗಿಮನಿ ಯಾರು ಬರಸ್ತಾರ್ರಿ? ಅದನ್ನ ನೋಡಾಕ ನಾಟಕಕ್ಕ ಬರಬೇಕೇನು?" ಎಂದರು ಪೇಟಿ ಮಾಸ್ತರರು. ಹೀಗಾಗಿ ನನ್ನ ಬಡ ಗಂಡಹೆಂಡತಿ ಅರಮನೆಗೆ ಹೋದರು. ಅರಮನೆಯಲ್ಲಿ ಇದ್ದಮೇಲೆ ಅವನು ರಾಜನೇ ಆಗಬೇಕಲ್ಲ.

"ರಾಣಿ ರೊಟ್ಟಿ ಬಡಿತಾಳ್ರಿ?" ಎಂದು ಕೇಳಿದೆ.

"ಪತಿವ್ರತಾ ಅದಾಳ್ರಿ" ಎಂದರು.

ಮಾತಾಡದ ರಾಜನ ಮೇಲೆ ಸಿಟ್ಟಾಗಿ ರಾಣಿ ಅಡವಿಗೆ ಹೊರಟಳು, ಏಕೆಂದರೆ ಅಡವಿಯ ಪರದೆ ಇತ್ತು. ಅಡವಿಯಲ್ಲಿ ಒಬ್ಬ ಡಕಾಯಿತ ಸಿಕ್ಕ. ಹಂದರದ ಕಂಬ ನೆಡುವ ಪೈಲ್ವಾನ ಫಕ್ಕೀರಪ್ಪನಿಗೆ ಪಾತ್ರ ಕೊಡದಿದ್ದರೆ ಕಂಬವೇ ಏಳುತ್ತಿರಲಿಲ್ಲ. ಸರಿ, ರಾಜ ಜೇಲಿಗೆ ಯಾಕೆ ಹೋದ? ನಾನು ಬಹಳ ವಿನಯದಿಂದಲೇ ಕೇಳಿದೆ. ಪೇಟಿ ಮಾಸ್ತರರು ನನ್ನನ್ನು ಕನಿಕರದಿಂದ ನೋಡಿ, "ಪರದೆ ಐತಲ್ರಿ" ಎಂದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿ ಎಂದು ಕಾದೆ ಕೂಡ. ಆದರೆ ದಿನಾ ಸಂಜೆ ಶಾಲೆ ಬಿಟ್ಟೊಡನೆ ತಾಲೀಮಿನ ಜಾಗಕ್ಕೆ ಓಡುತ್ತಿದ್ದೆ, ಇವತ್ತು ನನ್ನ ಕಥೆಗೆ ಏನಾಯಿತೋ ಎಂದು ತಿಳಿಯಲು. ನನ್ನದೇ ಕಥೆ ಬರೆಯುವಾಗ, ಮುಂದೇನು ಎಂಬ ಕುತೂಹಲ ನನಗೆ ಒಂದು ದಿನವೂ ಆಗಿರಲಿಲ್ಲ. ನನ್ನ ಅಜ್ಜಿ ನೆನಪಾಗುತ್ತಿದ್ದಳು. ಅವಳು ಹೇಳುತ್ತಿದ್ದ ನರಿಯ ಕಥೆಯಲ್ಲಿ, ನಾವು ಅತ್ತ ದಿನ ನರಿ ಬದುಕುತ್ತಿತ್ತು, ಹಟ ಮಾಡಿದ ದಿನ ಸಾಯುತ್ತಿತ್ತು. ನಿಜವಾದ ಕಥೆ ಯಾವುದಬೇ ಎಂದರೆ, "ಯಾವುದು ಬೇಕಲೇ ನಿನಗ?" ಅನ್ನುತ್ತಿದ್ದಳು.

ನನಗೆ ಹೆದರಿಕೆ ಇದ್ದದ್ದು ಗಿರಿಜಾಳದು. ಓದಿದಾಗಲೇ ಒಂದು ಮಾತು ಹೇಳದವಳು ಈ ರಾಜ, ಡಕಾಯಿತರನ್ನು ನೋಡಿದ ಮೇಲೆ ನನ್ನ ಬರವಣಿಗೆಯ ಬಗ್ಗೆ ಏನು ತಿಳಿದಾಳು? ನಾಟಕದ ದಿನ, "ಥಂಡಿ ಐತಿ, ನೀ ಬರಬ್ಯಾಡ" ಎಂದೆ. "ಊರ ಮಂದಿ ಎಲ್ಲಾ ನಿಮ್ಮ ಕಥಿ ನೋಡಾಕ ಹೊಂಟಾರ, ನಾ ಮನ್ಯಾಗ ಕುಂಡ್ರಲೇನು?" ಎಂದು ಅವಳು ಧಾರವಾಡ ಸೀರೆ ಉಟ್ಟು ನನಗಿಂತ ಮೊದಲೇ ಹೊರಟಳು.

ಹೆಣ್ಣುಮಕ್ಕಳ ಕಡೆ ಗ್ಯಾಸ್ ಬತ್ತಿಯ ಬೆಳಕಿನಲ್ಲಿ ಅವಳು ಕಾಣುತ್ತಿದ್ದಳು. ನಾನು ನಾಟಕ ನೋಡಲಿಲ್ಲ, ಅವಳ ಮುಖ ನೋಡಿದೆ. ಡಕಾಯಿತ ಬಂದಾಗ ಬಾಯಿಗೆ ಸೆರಗು, ಜೇಲಿನ ಪರದೆ ಇಳಿದಾಗ ಕಣ್ಣಿಗೆ ಸೆರಗು. ಕಡೆಗೆ ಬೀದಿಯ ಪರದೆ ಇಳಿದಾಗ ಮಾತ್ರ ನಾನೂ ಆ ಕಡೆ ತಿರುಗಿದೆ. ಜೇಲಿನಿಂದ ಬಿಡುಗಡೆಯಾದ ರಾಜ ಬಸಣ್ಣೆಪ್ಪ ರಾಣಿಯ ಮುಂದೆ ಮೊಣಕಾಲೂರಿ ಕೈ ಚಾಚಿದ: "ದೇವೀ! ದಪ್ಪಗಾದರೂ ಸೈ, ತೆಳ್ಳಗಾದರೂ ಸೈ, ನಿನ್ನ ಕೈಯ ರೊಟ್ಟಿಯೇ ನನಗೆ ಅಮೃತ! ಇಷ್ಟು ದಿನ ಇದನ್ನು ಹೇಳದ ನಾನೆಂಥ ಮೂರ್ಖ!"

ಪೇಟಿ ಮೊರೆಯಿತು. ಮಂದಿ "ವನ್ಸ್ ಮೋರ್" ಎಂದು ಕೂಗಿದರು. ಹಾಗೆ ಕೂಗಿದರೆ ನಟ ಎದ್ದು, ಹಿಂದೆ ಹೋಗಿ, ಮತ್ತೆ ಬಂದು ಎಲ್ಲವನ್ನೂ ಇನ್ನೊಮ್ಮೆ ಮಾಡಬೇಕು. ಬಸಣ್ಣೆಪ್ಪ ಪಾಪ ಮತ್ತೆ ಮತ್ತೆ ಮೊಣಕಾಲೂರಿದ, ಕಿರೀಟ ಉರುಳಿ ಪೇಟಿಯ ಹತ್ತಿರ ಬಿತ್ತು. ಆದರೂ ಒಂದು ದನಿ ಕೂಗುವುದನ್ನು ಬಿಡಲೊಲ್ಲದು. ತಿರುಗಿ ನೋಡಿದರೆ, ಕೋಳಿಯನ್ನು ಓಡಿಸಲೂ ದನಿ ಏರಿಸದ ನನ್ನ ಗಿರಿಜಾ!

ಬೆಳಗಿನ ಜಾವ ಮನೆಗೆ ನಡೆಯುವಾಗ ಅವಳು, "ನಿಮ್ಮ ಕಥಿ ನನಗ ಈಗ ತಿಳೀತು ನೋಡ್ರಿ. ಎಷ್ಟ ಚಂದ ಬರದೀರಿ!" ಎಂದಳು. ಇಷ್ಟು ದಿನ ಕಾದ ಮಾತು! ಅವಳೇ ಮುಂದುವರಿಸಿದಳು: "ಆ ಕಡೀ ಮಾತು ಅಂತೂ ಭಾಳ ಚಂದ. ಛಾಪಿಸಾವ್ರು ಅದನ್ನ ಬಿಟ್ಟಬಿಟ್ಟಿದ್ರಲ್ರಿ, ಹುಚ್ಚರು."

ಅದು ನಾನು ಬರೆದದ್ದಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿದೆ. "ಹೌದು, ಅವರಿಗೆ ಜಾಗಾ ಸಾಲಿರಲಿಕ್ಕಿಲ್ಲ" ಎಂದೆ.

ಮನೆಗೆ ಬಂದವಳೇ ಮುಖ ತೊಳೆದು ಒಲೆ ಹಚ್ಚಿದಳು. ನಾನು ತಾಟಿನ ಮುಂದೆ ಕುಳಿತೆ. ನಿದ್ದೆಗೆಟ್ಟ ಕೈಯ ರೊಟ್ಟಿ ಆ ದಿನ ನಿಜವಾಗಿಯೂ ದಪ್ಪಗೇ ಇತ್ತು. ಏನೋ ಹೇಳಬೇಕೆನಿಸಿ ಬಾಯಿ ತೆರೆದೆ. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಾನು ಬರೆದಿದ್ದ ಹಾಗೆಯೇ, ನೋಡಿ! ಬಾಯಿ ತಾನಾಗಿ ಮುಚ್ಚಿಕೊಳ್ಳತೊಡಗಿತು.

ಅವಳು ಬೆನ್ನು ತಿರುಗಿಸಿಕೊಂಡೇ ಕೇಳಿದಳು, "ಬಾಯಾಗ ತುತ್ತೈತೇನ್ರಿ?"

"ಇಲ್ಲ" ಎಂದೆ. ಮತ್ತೇನು ಮಾಡಲಿ? ಚಕ್ಕಳಮಕ್ಕಳ ಹಾಕಿ ಕುಳಿತಿದ್ದರಿಂದ ಮೊಣಕಾಲೂರಲಿಲ್ಲ, ಅಷ್ಟೇ. ಉಳಿದದ್ದನ್ನೆಲ್ಲ ಹೇಳಿದೆ: ದಪ್ಪಗಾದರೂ ಸೈ, ತೆಳ್ಳಗಾದರೂ ಸೈ, ಅಮೃತ, ಮೂರ್ಖ, ಎಲ್ಲವನ್ನೂ.

ಆಮೇಲೆ ಒಲೆಯ ಕಡೆಯಿಂದ ಮೆಲ್ಲಗೆ ಬಂತು: "ವನ್ಸ್ ಮೋರ್."

ಪದ್ಧತಿಯನ್ನು ಮುರಿಯಲು ಬರುವುದಿಲ್ಲ, ಮತ್ತೆ ಹೇಳಿದೆ. ಎರಡನೆಯ ಸಲ ಹೇಳುವಾಗ ಆ ಮಾತು ನಾನೇ ಬರೆದದ್ದು ಅನ್ನಿಸಿತು.