ಕೊಳವೆಗೆ ಹೆಲಿಕಾಪ್ಟರ್, ಸೊಸೆಗೆ ದೋಣಿ

ನೈಜರ್ ನದೀಮುಖದ ಟೊರುಬಿರಿ ಹಳ್ಳಿಯ ಹಿತ್ತಿಲಲ್ಲಿ ಚಿರಕಾಲದಿಂದ ಪವಡಿಸಿರುವ ಕಚ್ಚಾತೈಲದ ಕೊಳವೆಯವರ ಸನ್ನಿಧಾನಕ್ಕೆ, ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರಿ ಹೊಟ್ಟೆ ಹೊರೆಯುವ ಎಬಿಕೆಲಾ ನಡುಬಗ್ಗಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ನನ್ನ ಮದುವೆಗೂ ತಮಗೂ ಒಂದೇ ವಯಸ್ಸು. ಮೈಯೆಲ್ಲ ತುಕ್ಕು ಹಿಡಿದಿದ್ದರೂ ಸೋರುವ ಕೆಲಸದಲ್ಲಿ ತಾವು ಒಂದು ದಿನವೂ ಸೋಮಾರಿತನ ತೋರಿದವರಲ್ಲ. ತಮ್ಮ ಕೃಪೆಯಿಂದ ನಮ್ಮ ಹಳ್ಳದ ಮೀನುಗಳು ಮೊದಲೇ ಎಣ್ಣೆಯಲ್ಲಿ ಅದ್ದಿಕೊಂಡು ಬರುತ್ತಿದ್ದವು, ಬಾಣಲೆಗೆ ಬೇರೆ ಎಣ್ಣೆ ಬೇಕಿರಲಿಲ್ಲ. ಈಗೀಗ ಮೀನೇ ಬರುವುದಿಲ್ಲವೆನ್ನಿ, ಅದೂ ಒಂದು ಉಳಿತಾಯವೇ.

ಹೋದ ವಾರ ತಮ್ಮ ಹೊಟ್ಟೆ ಒಡೆದ ಸುದ್ದಿ ಹೋಗಿ, ನನ್ನ ಒಲೆಯ ಮೇಲಿನ ಗೆಣಸು ಬೇಯುವ ಮೊದಲೇ ಕಂಪನಿಯ ಹೆಲಿಕಾಪ್ಟರ್ ಬಂದಿಳಿಯಿತು. ಎಂಜಿನಿಯರ್ ಸಾಹೇಬರು ಮಂಡಿಯೂರಿ ತುಕ್ಕು ಹಿಡಿದ ತಮ್ಮ ಮೈ ಸವರಿ, “ಛೇ ಛೇ, ಪಾಪ, ಎಷ್ಟು ಸೋರಿಬಿಟ್ಟಿದೆ!” ಎಂದು ಲೊಚಗುಟ್ಟಿದ್ದನ್ನು ಕಂಡು ನನ್ನ ಕಣ್ಣೂ ತುಂಬಿತು. ಇಷ್ಟು ಮೃದು ಮನಸ್ಸಿನವರು ಮತ್ತೆ ಸಿಕ್ಕಾರೇ ಎಂದು, ತುಂಬುಗರ್ಭಿಣಿ ಸೊಸೆ ಲಾಯೆಫಾಳನ್ನು ಎದುರು ನಿಲ್ಲಿಸಿ, “ಸ್ವಾಮಿ, ಹೆರಿಗೆಗೆ ಇವಳು ಪಟ್ಟಣಕ್ಕೆ ಹೋಗ್ಬೇಕು. ನೀವು ಕಟ್ಟಿಸಿದ ದೋಣಿಕಟ್ಟೆ ಬಿದ್ದು ಎಷ್ಟೋ ವರ್ಷ ಆಯ್ತು, ಲಾಂಚು ಇಲ್ಲಿ ನಿಲ್ತಾನೇ ಇಲ್ಲ” ಎಂದೆ. “ಅದು ನಮ್ಮ ವಿಭಾಗಕ್ಕೆ ಬರಲ್ಲ ಕಣಮ್ಮ” ಎಂದು ಹಾರಿಹೋದರು. ಲಾಯೆಫಾ ಬಾಯಿ ಮುಚ್ಚಿಕೊಂಡಿರುವವಳೇ? “ಅತ್ತೆ, ಕೊಳವೆಗೆ ಬಳಿದ ಹಾಗೆ ನನ್ನ ಹೊಟ್ಟೆಗೂ ಹಳದಿ ಬಣ್ಣ ಬಳಿದು ನಂಬರ್ ಬರೀರಿ, ಆಗ ನೋಡ್ತಾರೆ” ಎಂದಳು.

ನಕ್ಕೆವು. ಆದರೆ ಹಿಂದಿನ ಸಲ ಅವಳ ಚೊಚ್ಚಲ ಕೂಸು ಪಟ್ಟಣದ ಅರ್ಧ ದಾರಿಯಲ್ಲಿ, ಪುಟ್ಟ ದೋಣಿಯೊಳಗೇ ಹುಟ್ಟಿ ಅಲ್ಲೇ ಕಣ್ಣು ಮುಚ್ಚಿತ್ತು. ಈ ಸಲ ನನಗೆ ಭಯವಾಗುತ್ತಿದೆ, ಮಾನ್ಯರೇ.

ಆದಕಾರಣ, ಹುಟ್ಟಲಿರುವ ನನ್ನ ಮೊಮ್ಮಗುವನ್ನು ತಾವು ದತ್ತು ತೆಗೆದುಕೊಂಡು, ಕಂಪನಿಯ ದಾಖಲೆಯಲ್ಲಿ ಕೊಳವೆಯೆಂದೇ ಬರೆಸಿಕೊಡಬೇಕಾಗಿ ಪ್ರಾರ್ಥಿಸುತ್ತೇನೆ. ಸೋರುವ ವಿಷಯದಲ್ಲಿ ಹಸುಗೂಸುಗಳು ತಮಗೇನೂ ಕಡಿಮೆಯಿಲ್ಲ, ಮನೆತನಕ್ಕೆ ಕಳಂಕ ಬಾರದು.

ತಮ್ಮ ವಿಶ್ವಾಸಿ, ತಮ್ಮ ಎಣ್ಣೆಯಲ್ಲೇ ಕಾಲು ತೊಳೆಯುವ
ಎಬಿಕೆಲಾ

ತಾ.ಕ.: ದತ್ತು ಕಷ್ಟವೆನಿಸಿದರೆ ಬೇಡ. ಸೊಸೆಗೆ ನೋವು ಕಾಣಿಸಿಕೊಂಡ ಕೂಡಲೇ, ತಮ್ಮ ಪಕ್ಕದ ಫಲಕದಲ್ಲಿರುವ ಕಂಪನಿಯ ನಂಬರಿಗೆ ಫೋನು ಮಾಡಿ, ತಾವು ಸೋರುತ್ತಿದ್ದೀರೆಂದು ಹೇಳಲಿದ್ದೇನೆ. ಹೆಲಿಕಾಪ್ಟರ್ ಇಳಿದ ಮೇಲೆ ಅವಳನ್ನು ಅದರೊಳಗೆ ಹತ್ತಿಸುವುದು ನನ್ನ ಜವಾಬ್ದಾರಿ. ಇಷ್ಟು ವರ್ಷ ಬೇಡ ಬೇಡವೆಂದರೂ ಸೋರಿದ್ದೀರಿ. ಅದೊಂದು ದಿನ, ನನ್ನ ಮಾತು ಸುಳ್ಳಾಗದ ಹಾಗೆ, ದಯವಿಟ್ಟು ಸೋರಿ.