ಪರದೆಯ ಕೆಳಗೆ ಒಂದು ಗೇಣು

ಪರದೆ ಅಂಗಡಿಯವನಿಗೂ ದೆವ್ವಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಅಂಗಡಿ ಹಾಕುವ ಮುಂಚೆ ನಾನೂ ಕೇಳುತ್ತಿದ್ದೆನೇನೋ. ಈಗ ಕೇಳುವುದಿಲ್ಲ. ಹೊಸ ಹೆದರಿಕೆ ಸಿನಿಮಾ ಬಂದಾಗಲೆಲ್ಲ ನನ್ನ ಗಲ್ಲಾದ ಎದುರು ಏನಾದರೊಂದು ನಡೆದೇ ನಡೆಯುತ್ತದೆ.

ವಿಜಯಪುರದಿಂದ ಬಂದು ಚೆಂಬೂರಿನಲ್ಲಿ ಪರದೆ ಬಟ್ಟೆ ಮಾರುತ್ತ ನನ್ನ ತಲೆ ಬೆಳ್ಳಗಾಯಿತು. ಗಿರಾಕಿ ಇಲ್ಲದ ಮಧ್ಯಾಹ್ನ ನನ್ನ ಅಂಗಡಿ ನೋಡಬೇಕು. ಫ್ಯಾನಿನ ಗಾಳಿಗೆ ತೆಳು ಪರದೆಗಳೆಲ್ಲ ನೀರೊಳಗಿನ ಪಾಚಿಯ ಹಾಗೆ ಅತ್ತಿತ್ತ ಆಡುತ್ತಿರುತ್ತವೆ. ಹೊರಗಿನ ರಿಕ್ಷಾ, ಬಾಳೆಹಣ್ಣಿನ ಗಾಡಿ, ಕಾಲೇಜಿನ ಹುಡುಗಿಯರು ಆ ಬಿಳುಪಿನ ಆಚೆ ಹಾಲಿನಲ್ಲಿ ಕರಗಿದಂತೆ ತೇಲಿ ಹೋಗುತ್ತಾರೆ. ಅರೆನಿದ್ದೆಯಲ್ಲಿ ಎದುರು ನಿಂತದ್ದು ಗಿರಾಕಿಯೋ ಕನಸೋ ತಿಳಿಯುವುದಿಲ್ಲ. "ದರ ಹೆಚ್ಚಾಯಿತು" ಅಂದರೆ ಗಿರಾಕಿ.

೧. ಅಲುಗಾಡದ ಪರದೆ

ಹಾಗೆ ಒಂದು ಮಧ್ಯಾಹ್ನ ತೇಲಿ ಬಂದವರು ಒಬ್ಬ ಬ್ಯಾಂಕ್ ಆಫೀಸರು.

"ಶೇಠ್, ಅಲುಗಾಡದಂಥ ಪರದೆ ಕೊಡ್ರಿ."

ಏನೋ ಸಿನಿಮಾ ನೋಡಿ ಬಂದಿದ್ದರು. ಅದರಲ್ಲಿ ಅರ್ಧ ಸಿನಿಮಾ ಮುಗಿದರೂ ದೆವ್ವ ಬರುವುದಿಲ್ಲವಂತೆ. ಖಾಲಿ ಕೋಣೆ, ಕಿಟಕಿ ಮುಚ್ಚಿದೆ, ಪರದೆ ಮಾತ್ರ ಮೆಲ್ಲಗೆ ಅಲುಗುತ್ತದೆ. "ದೆವ್ವ ಬಂದುಬಿಟ್ಟಿದ್ರ ಇಷ್ಟು ಅಂಜಿಕಿ ಆಗ್ತಿರಲಿಲ್ರಿ," ಅಂದರು.

ಮಾತು ಖರೆ. ಬಿಚ್ಚಿ ತೋರಿಸಿದ ಮಾಲಿಗಿಂತ ಕಟ್ಟಿಟ್ಟ ಮಾಲಿನ ಮೇಲೆ ಜನರಿಗೆ ಕುತೂಹಲ ಹೆಚ್ಚು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಬಟ್ಟೆ ಆರಿಸಿ, ಅಂಚಿನೊಳಗೆ ಭಾರದ ಗುಂಡು ಇಟ್ಟು ಹೊಲಿಸಿಕೊಟ್ಟೆ.

ಕೆಲವು ದಿನಕ್ಕೆ ಮತ್ತೆ ಬಂದರು. ಮುಖ ಇನ್ನಷ್ಟು ಇಳಿದಿತ್ತು.

"ಈಗೇನಾತ್ರಿ?"

"ಕಿಟಕಿ ತಗದೇನಿ, ಜೋರು ಗಾಳಿ ಬರ್ತದ, ಪರದೆ ಅಲುಗವಲ್ದು. ಯಾರೋ ಹಿಂದ ನಿಂತು ಹಿಡಕೊಂಡಾರ ಅನಸ್ತದ."

ತೆಳು ಪರದೆಯನ್ನೂ ಮಾರಿದೆ. ಧೈರ್ಯವಂತ ಒಮ್ಮೆ ಕೊಳ್ಳುತ್ತಾನೆ, ಅಂಜುಬುರುಕ ಎರಡು ಸಲ.

೨. ಹರಿದದ್ದಕ್ಕೆ ಹೊಸ ದರ

ಆಮೇಲೆ ಒಬ್ಬ ಸಿನಿಮಾದವನೇ ಬಂದ. ದೆವ್ವದ ಬಂಗಲೆಗೆ ಹಳೆಯ, ಹರಿದ ಬಿಳಿ ಪರದೆ ಬೇಕಂತೆ.

"ಹಳೇದು ನಮ್ಮಲ್ಲಿ ಸಿಗೂದಿಲ್ಲ. ಹೊಸದನ್ನ ಹಳೇದು ಮಾಡಿ ಕೊಡ್ತೀನಿ. ಹರಿಯೋ ಕೂಲಿ ಬ್ಯಾರೆ."

ಚಹಾದ ನೀರಿನಲ್ಲಿ ಅದ್ದಿ ಕಲೆ ಮಾಡಿದೆವು. ಹರಿಯುವುದು ಕಷ್ಟವಾಯಿತು. ಜೀವಮಾನವೆಲ್ಲ ನೆಟ್ಟಗೆ ಹೊಲಿದ ನಮ್ಮ ಟೇಲರು ಹರಿಯುವುದನ್ನೂ ನೆಟ್ಟಗೆ ಹರಿದ. "ಅಡ್ಡಾದಿಡ್ಡಿ ಹರಿಯಪ್ಪ" ಅಂದರೆ, "ಕೈ ಒಪ್ಪೂದಿಲ್ಲ ಶೇಠ್" ಅಂದ.

ಕೊನೆಗೆ ಆ ಸಿನಿಮಾ ಟೀವಿಗೆ ಬಂತು. ನಮ್ಮಾಕಿಗೆ ಇಂಥ ಸಿನಿಮಾ ಎಂದರೆ ಪ್ರಾಣ, ಆದರೆ ಸದ್ದು ಬಂದ್ ಮಾಡಿಯೇ ನೋಡುತ್ತಾಳೆ. ಅಂಜಿಸುವುದು ಸದ್ದಂತೆ. ಸದ್ದಿಲ್ಲದಿದ್ದರೆ ದೆವ್ವ ಅವಳ ಅತ್ತಿಗೆಯ ಹಾಗೆ ಕಾಣುತ್ತದಂತೆ. ಅವತ್ತು ಮಾತ್ರ ಸದ್ದಿಲ್ಲದೆಯೂ ನನ್ನ ತೋಳು ಹಿಡಿದಳು. ಪರದೆಯ ಹಿಂದಿನಿಂದ ಒಂದು ಕೈ ಹೊರಬರುತ್ತಿತ್ತು.

"ನೋಡು, ನೋಡು," ಅಂದೆ. "ಅಂಚಿನ ಹೊಲಿಗೆ ಎಷ್ಟು ಛಲೋ ಬಂದದ."

ತೋಳು ಬಿಟ್ಟು ಸರಿದು ಕೂತಳು. "ದೆವ್ವಕ್ಕಿಂತ ನಿಮಗಽ ಅಂಜಬೇಕು."

೩. ಬಟಾಬಯಲು

ಸಿನಿಮಾಕ್ಕೆ ಕೊಟ್ಟ ಅದೇ ಥಾನಿನ ಬಟ್ಟೆ ನಮ್ಮ ಮನೆಯ ಕಿಟಕಿಗೂ ಇತ್ತು. ಮರುದಿನ ಊಟಕ್ಕೆ ಬಂದು ನೋಡಿದರೆ ಒಂದೂ ಪರದೆ ಇಲ್ಲ, ನಮ್ಮಾಕಿ ಎಲ್ಲ ಬಿಚ್ಚಿ ಮಡಚಿಟ್ಟಿದ್ದಳು. ಮನೆ ಪ್ಲಾಟ್‌ಫಾರ್ಮಿನ ಹಾಗಿತ್ತು. ನನ್ನ ತಾಟಿನಲ್ಲಿ ಏನು ಪಲ್ಯ ಎಂದು ಎದುರಿನ ಬಿಲ್ಡಿಂಗಿನವರು ಹೇಳಬಹುದಿತ್ತು.

ಬೇರೆ ದಿನವಾಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಬರುವ ಭಾನುವಾರ ಬೊರಿವಲಿಯಿಂದ ಮಗಳ ಸಂಬಂಧಕ್ಕೆ ಹುಡುಗನ ತಂದೆತಾಯಿ ಬರುವವರಿದ್ದರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿಯಾಗಿತ್ತು. ಉಳಿದದ್ದು ಅವನ ತಾಯಿಯ ಒಪ್ಪಿಗೆ. ಆಕೆ ಮನೆ ನೋಡಿಯೇ ಮನೆತನ ತೂಗುವ ಹೆಂಗಸು, ಹಿಂದೆ ಬಂದ ಎಲ್ಲ ಸಂಬಂಧಕ್ಕೂ ಒಲ್ಲೆ ಅಂದವಳು ಎಂದು ಕೇಳಿದ್ದೆವು. ಪರದೆ ವ್ಯಾಪಾರಿಯ ಮನೆಯಲ್ಲೇ ಪರದೆ ಇಲ್ಲದಿದ್ದರೆ ಏನಂದಾಳು?

ಮಗಳೂ ಅಂಗಲಾಚಿದಳು. "ಮಮ್ಮಿ ಪ್ಲೀಸ್, ಒಂದ್ ದಿನ ಲಗಾದೋ ನಾ."

"ಹಾಕಲಿ. ಆದ್ರ ನೆಲಕ್ಕ ಮುಟ್ಟಬಾರದು. ಹಿಂದ ಯಾರರೆ ನಿಂತ್ರ ಕಾಲು ಕಾಣಬೇಕು."

ಗಿರಾಕಿಯಾಗಿದ್ದರೆ ವಾದಿಸಬಹುದಿತ್ತು. ಎಲ್ಲ ಪರದೆಯನ್ನೂ ಒಂದು ಗೇಣು ಕತ್ತರಿಸಿ ಹೊಲಿಸಿದೆ. ಗಿಡ್ಡ ಚಡ್ಡಿ ಹಾಕಿಕೊಂಡ ದೊಡ್ಡ ಮನುಷ್ಯರ ಹಾಗೆ ಅವು ಕಿಟಕಿಗಳಲ್ಲಿ ನಿಂತವು. ಟೇಲರು ಕೇಳಿದ, "ಶೇಠ್, ನಿಮ್ಮ ಮನಿ ಅಳತಿನಽ ತಪ್ಪಿತೇನು?"

೪. ಹೊಸ್ತಿಲಾಚೆ

ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್ ಇರುತ್ತದೆ, ಲೋಕಲ್ ಸಿಗಲಿಕ್ಕಿಲ್ಲ ಎಂದು ಬೊರಿವಲಿಯವರು ಬೇಗ ಹೊರಟಿದ್ದರು. ಅವತ್ತು ಬ್ಲಾಕ್ ಇರಲಿಲ್ಲ. ಹೇಳಿದ ಹೊತ್ತಿಗಿಂತ ಎಷ್ಟೋ ಮುಂಚೆ ಸ್ಟೇಷನ್ನಿನಿಂದ ಫೋನು ಬಂತು. ಅಂಗಡಿಯಿಂದ ನೇರ ಹೋಗಿ ಗಂಡಹೆಂಡತಿಯನ್ನು ಕರೆತಂದೆ.

ಇತ್ತ ನಮ್ಮಾಕಿ ಹೋಳಿಗೆ ಮಾಡಿ ಮುಗಿಸಿ, ಮನಸ್ಸಿನ ಗಾಬರಿ ಇಳಿಯಲೆಂದು ಬೇರೊಂದು ದೆವ್ವದ ಸಿನಿಮಾ ಹಾಕಿ ಕೂತಿದ್ದಳು. ಧೈರ್ಯ ಮಾಡಿ ಮೊದಲ ಸಲ ಸದ್ದನ್ನೂ ಇಟ್ಟಿದ್ದಳು. ಅದರಲ್ಲಿ ದೆವ್ವ ಗಂಡನ ದನಿ ಮಾಡಿ ಬಾಗಿಲು ಬಡಿಯುತ್ತದಂತೆ. ನಾನು ಬಡಿದದ್ದು ಸರಿಯಾಗಿ ಆ ಹೊತ್ತಿಗೆ.

"ಯಾರು?"

"ನಾನು. ಬಾಗಿಲಾ ತಗಿ."

"ಅದೂ ಹಿಂಗಽ ಅಂತು."

ಫೋನ್ ಮಾಡಿದೆ. ಒಳಗೆ ರಿಂಗಾಯಿತು. "ಅದೂ ಫೋನ್ ಮಾಡ್ತು," ಅಂದಳು.

"ಮಮ್ಮಿ, ಬಾಬಾನ ಆವಾಜ್ ಅದ, ಖೋಲ್ ನಾ," ಮಗಳ ದನಿ.

"ನೀ ಸುಮ್ನಿರು. ಸಿನಿಮಾದಾಗೂ ಮೊದಲ ಮಗಳಽ ನಂಬಿದ್ಲು." ಬಾಗಿಲಿನ ಹತ್ತಿರ ಬಂದಳು. "ಖರೇನಽ ನೀವಿದ್ರ ಒಡಪು ಹೇಳ್ರಿ. ದೆವ್ವಕ್ಕ ಒಡಪು ಬರೂದಿಲ್ಲ."

ನಮ್ಮ ಕಡೆ ಮದುವೆಯಾಗಿ ಬಂದ ಜೋಡಿಯನ್ನು ಹೊಸ್ತಿಲಲ್ಲೇ ತಡೆದು, ಪ್ರಾಸ ಕಟ್ಟಿ ಅದರೊಳಗೆ ಒಬ್ಬರು ಇನ್ನೊಬ್ಬರ ಹೆಸರು ಸೇರಿಸಿ ಹೇಳಿಸುತ್ತಾರೆ. ಅದೇ ಒಡಪು. ಹೇಳಿದರಷ್ಟೇ ಒಳಗೆ. ನನ್ನ ಮದುವೆಯಲ್ಲಿ ಸೋದರಮಾವ ಕಿವಿಯಲ್ಲಿ ಹೇಳಿಕೊಟ್ಟಿದ್ದ. ಈಗ ಸೋದರಮಾವ ಇಲ್ಲ.

ಮೆಟ್ಟಿಲ ಕಿಟಕಿಯಿಂದ ಬಿಸಿಲು ಹಳದಿಯಾಗಿ ಬೀಳುತ್ತಿತ್ತು. ಬಾಗಿಲ ಸಂದಿಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಎಲ್ಲೋ ಪಾರಿವಾಳ ಗುಟುರು ಹಾಕುತ್ತಿತ್ತು. ಹುಡುಗನ ತಂದೆ ಗೋಡೆಯ ಬಣ್ಣ ನೋಡುತ್ತ ನಿಂತರು. ತಾಯಿಯ ಮುಖ ಎಳೆದ ಪರದೆಯ ಹಾಗಿತ್ತು, ಹಿಂದೆ ಏನಿದೆಯೋ ತಿಳಿಯದು. ಮಗಳ ಸಂಬಂಧ ಮೆಟ್ಟಿಲಿಳಿದು ಹೋಗುವುದು ಕಣ್ಣಿಗೆ ಕಟ್ಟಿತು. ಯಾವ ಸಿನಿಮಾಕ್ಕೂ ಅಂಜದ ನಾನು ಆಗ ಬೆವತೆ. ಬಾಯಿಗೆ ಬಂದದ್ದು ಹೇಳಿದೆ:

"ರೇಷ್ಮಿ ಪರದೆಗೆ ಹಿತ್ತಾಳಿ ಕೋಲು, ಹತ್ತಿ ಪರದೆಗೆ ದಾರ,
ಕಸ್ತೂರಿ, ಬಾಗಿಲಾ ತಗಿ, ಬೊರಿವಲಿಯಿಂದ ಬಂದಾರ ಬೀಗರ."

ಹೇಳಿದ ಮೇಲೆ ಹೊಳೆಯಿತು. ಮಾತುಕತೆಯೇ ಆಗಿಲ್ಲ, ಆಗಲೇ ಬೀಗರು ಅಂದುಬಿಟ್ಟೆ. ಗಿರಾಕಿ ಬಟ್ಟೆ ಮುಟ್ಟುವ ಮುಂಚೆ ಯಾವ ವ್ಯಾಪಾರಿಯೂ ಕತ್ತರಿ ಹಾಕುವುದಿಲ್ಲ.

ಚಿಲಕ ಸರಿಯಿತು. "ನೀವಽ ಖರೆ. ಇಷ್ಟು ಕೆಟ್ಟ ಒಡಪು ದೆವ್ವ ಹೇಳೂದಿಲ್ಲ," ಅಂದ ನಮ್ಮಾಕಿ, ಹಿಂದಿದ್ದವರನ್ನು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಹುಡುಗನ ತಾಯಿ ಒಳಗೆ ಬಂದು ಕೂರಲಿಲ್ಲ. ನೇರ ಕಿಟಕಿಗೆ ಹೋಗಿ, ಪರದೆಯ ಕೆಳಗೆ ಗೇಣು ಹಾಕಿ ಅಳೆದರು.

"ಗಿಡ್ಡ ಆಗ್ಯಾವಲ್ಲ."

"ಈಗಿನ ಫ್ಯಾಷನ್ ರೀ," ಅಂದೆ.

"ಫ್ಯಾಷನ್ ಅಲ್ರಿ. ಕಾಲು ಕಾಣ್ಲಿ ಅಂತ." ನಮ್ಮಾಕಿಯ ಕಡೆ ತಿರುಗಿದರು. "ನನಗ ಇದು ಹೊಳೀಲಿಲ್ಲ ನೋಡ್ರಿ. ನಾ ಮನ್ಯಾಗ ಪರದೆನಽ ತಗಸಿಬಿಟ್ಟೇನಿ." ಟೀವಿಯ ಎದುರು ಜಾಗ ಮಾಡಿಕೊಂಡು ಕೂತರು. "ಬೀಗತಿ, ಸಿನಿಮಾ ಮೊದಲಿಂದ ಹಾಕ್ರಿ."

ಹುಡುಗನ ತಂದೆ ಹೋಳಿಗೆ ಮುರಿಯುತ್ತ ನನ್ನ ಕಿವಿಯ ಹತ್ತಿರ ಬಂದರು.

"ನಿಮ್ಮ ದೈವ ಛಲೋ ಅದ್ರಿ ಬೀಗರ. ಒಂದು ಒಡಪಿಗೆ ಒಳಗ ಬಿಟ್ರು. ನಮ್ಮಾಕಿ ಎರಡು ಕೇಳ್ತಾಳ, ಒಂದನ್ನ ದೆವ್ವ ಬಾಯಿಪಾಠ ಮಾಡಿರಬಹುದಂತ."